ಕಪ್ಪು ಜನಾಂಗದ ಸೊಸೆಯ ಬಾಣಂತನ: ಆಪ್ತಸಮಾಲೋಚಕಿಗೆ ಒಂದು ಪ್ರಶ್ನೆ

ಪ್ರಶ್ನೆ: ಮೇಡಂ, ನಮಸ್ಕಾರ. ಸೊಸೆಯ ಬಾಣಂತನಕ್ಕೆಂದು ಮೈಸೂರಿನಿಂದ ಅಟ್ಲಾಂಟಾಕ್ಕೆ ಬಂದಿದ್ದೇನೆ. ಅವಳು ಇಲ್ಲಿಯವಳೇ, ಕಪ್ಪು ಜನಾಂಗದವಳು. ನನ್ನನ್ನು ಬಹಳ ಪ್ರೀತಿಯಿಂದ ನೋಡಿಕೊಳ್ಳುತ್ತಾಳೆ. ಹೆರಿಗೆಯಾಗಿ ಐದು ವಾರವಾಗಿದೆ, ಆಗಲೇ ಕೆಲಸಕ್ಕೆ ಕುಳಿತಿದ್ದಾಳೆ. ಹೇಗಿದ್ದೀಯಮ್ಮ ಎಂದರೆ ‘ಚೆನ್ನಾಗಿದ್ದೇನೆ’ ಎನ್ನುತ್ತಾಳೆ, ಆದರೆ ಮಗು ಮಲಗಿದ ಮೇಲೂ ಅವಳಿಗೆ ನಿದ್ದೆಯಿಲ್ಲ. ಭಾನುವಾರ ಮಾತ್ರ ನಾಲ್ಕು ಗಂಟೆ ತಲೆಕೂದಲಿಗೇ ಕಳೆಯುತ್ತಾಳೆ. ಬಾಣಂತಿ ಅಷ್ಟು ಹೊತ್ತು ಒದ್ದೆ ತಲೆಯಲ್ಲಿರಬಾರದು ಎಂದದ್ದಕ್ಕೆ ಮುಖ ಸಣ್ಣದು ಮಾಡಿಕೊಂಡಳು. ಅವಳು ವಿಶ್ರಾಂತಿ ಪಡೆಯುವಂತೆ ಮಾಡುವುದು ಹೇಗೆ?

ಉತ್ತರ: ಅಮ್ಮಾ, ನಮಸ್ಕಾರ. ಮೊದಲು ಆ ಭಾನುವಾರದ ವಿಷಯ: ದಯವಿಟ್ಟು ಅದಕ್ಕೆ ಅಡ್ಡ ಬರಬೇಡಿ. ಬಿಗಿಯಾದ ಸುರುಳಿಗೂದಲು ಬೇಗ ಜಿಡ್ಡು-ತೇವ ಕಳೆದುಕೊಂಡು ಒರಟಾಗುತ್ತದೆ, ಎಳೆದರೆ ತುಂಡಾಗುತ್ತದೆ. ಅದನ್ನು ಭಾಗ ಭಾಗವಾಗಿ ವಿಂಗಡಿಸಿ, ಕಂಡೀಷನರ್ ಹಚ್ಚಿ, ತುದಿಯಿಂದ ಬುಡದ ಕಡೆಗೆ ಮೆಲ್ಲಗೆ ಸಿಕ್ಕು ಬಿಡಿಸಿ, ಎಣ್ಣೆ ಹಾಕಿ ಹೆಣೆಯುವುದಕ್ಕೆ ಅಷ್ಟು ಹೊತ್ತು ಬೇಕೇ ಬೇಕು. ಇಂಥ ಕೂದಲು ಶಿಸ್ತಿಗೆ ಒಗ್ಗುವುದಿಲ್ಲವೆಂದು ಶಾಲೆಗಳೂ ಕಚೇರಿಗಳೂ ಎಷ್ಟೋ ಮಂದಿಯನ್ನು ಅವಮಾನಿಸಿದ್ದರಿಂದ, ಆ ತಾರತಮ್ಯವನ್ನು ನಿಷೇಧಿಸಲು 2019ರಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ತರಬೇಕಾಯಿತು. ವಾರದಲ್ಲಿ ಆ ನಾಲ್ಕು ಗಂಟೆ ಅವಳು ಯಾರ ಕೆಲಸವನ್ನೂ ಮಾಡದೆ ತನ್ನನ್ನು ತಾನು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದಾಳೆ. ಶೀತದ ಚಿಂತೆಯಿದ್ದರೆ ಕೋಣೆಯನ್ನು ಬೆಚ್ಚಗಿಡಿ, ಮಗುವನ್ನು ನೀವು ಎತ್ತಿಕೊಳ್ಳಿ.

ವಿಶ್ರಾಂತಿಯ ಮಾತು ಇದಕ್ಕಿಂತ ಆಳವಾದದ್ದು. ನಮ್ಮಲ್ಲಿ ಬಾಣಂತಿ ಮಲಗಿರುವುದನ್ನು ಯಾರೂ ಸೋಮಾರಿತನ ಎನ್ನುವುದಿಲ್ಲ. ಅವಳ ಪೂರ್ವಿಕರಾದ ಹೆಂಗಸರನ್ನಾದರೋ ಗುಲಾಮಗಿರಿಯ ಕಾಲದಲ್ಲಿ ಹೆರಿಗೆಯಾದ ಕೆಲವೇ ವಾರಗಳಲ್ಲಿ ಹೊಲದ ದುಡಿಮೆಗೆ ಅಟ್ಟುತ್ತಿದ್ದರು. ಅನಂತರವೂ ಅನೇಕರು ಬಿಳಿಯರ ಮನೆಗೆಲಸ ಮಾಡಿಯೇ ಸಂಸಾರ ತೂಗಿಸಿದರು, ಮತ್ತು 1935ರ ಸಾಮಾಜಿಕ ಭದ್ರತಾ ಕಾಯ್ದೆ ಮನೆಗೆಲಸದವರನ್ನೂ ಕೃಷಿ ಕಾರ್ಮಿಕರನ್ನೂ ಹೊರಗಿಟ್ಟೇ ಜಾರಿಗೆ ಬಂತು. ಎಷ್ಟೇ ಭಾರ ಬಿದ್ದರೂ ಅಳದೆ, ಯಾರನ್ನೂ ಕೇಳದೆ ನಿಭಾಯಿಸಬೇಕು ಎಂಬ ಪಾಠ ತಾಯಿಯಿಂದ ಮಗಳಿಗೆ ಬಂದದ್ದು ಹೀಗೆ. ಅದು ಅವರನ್ನು ಉಳಿಸಿತು, ನಿಜ. ಆದರೆ ಅದೇ ಅವರ ಮೈಮನಸ್ಸನ್ನು ಸವೆಸಿದೆ. ಜೊತೆಗೆ ಈ ದೇಶದ ಕೇಂದ್ರ ಕಾನೂನು ಅರ್ಹರಿಗೆ ಕೊಡುವುದು 12 ವಾರಗಳ ರಜೆ ಮಾತ್ರ, ಅದೂ ಸಂಬಳವಿಲ್ಲದೆ. ಅವಳು ಇಷ್ಟು ಬೇಗ ಕೆಲಸಕ್ಕೆ ಕುಳಿತಿರುವುದಕ್ಕೆ ಇದೂ ಕಾರಣವಾಗಿರಬಹುದು.

ನೀವಿರುವ ಊರಿನಲ್ಲೇ, ಸ್ಪೆಲ್ಮನ್ ಕಾಲೇಜಿನಲ್ಲಿ, 1983ರಲ್ಲಿ ಆರೋಗ್ಯ ಹೋರಾಟಗಾರ್ತಿ ಬಿಲ್ಲಿ ಏವರಿ (Byllye Avery) ಅವರ ನೇತೃತ್ವದಲ್ಲಿ ಕಪ್ಪು ಮಹಿಳೆಯರ ಆರೋಗ್ಯದ ಕುರಿತ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಅವರು ಕಟ್ಟಿದ ಸ್ವಸಹಾಯ ಗುಂಪುಗಳಲ್ಲಿ ಹೆಂಗಸರು ಒಟ್ಟಿಗೆ ಕುಳಿತು, ಮನೆಯಲ್ಲಿ ಯಾರಿಗೂ ಹೇಳದ ನೋವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದರು. ಸ್ವ-ಆರೈಕೆ ಎಂದರೆ ದುಬಾರಿ ಸೋಪು, ಮೇಣದಬತ್ತಿ ಎಂದು ಮಾರುವವರ ನಡುವೆ ಇದನ್ನು ನಾನು ಮತ್ತೆ ಮತ್ತೆ ನೆನಪಿಸುತ್ತೇನೆ.

ಮರುಪ್ರಶ್ನೆ: ಹಾಗಾದರೆ ಅವಳನ್ನು ಮಾತನಾಡಿಸುವುದು ಹೇಗೆ? ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ‘ನೀನು ಗಟ್ಟಿಗಿತ್ತಿ’ ಎಂದು ಧೈರ್ಯ ಹೇಳಲೇ?

ಉತ್ತರ: ಆ ಮಾತೊಂದು ಬೇಡ ಅಮ್ಮಾ, ಹುಟ್ಟಿದಾಗಿನಿಂದ ಅದನ್ನೇ ಕೇಳಿ ದಣಿದಿರುತ್ತಾಳೆ. ‘ಏನು ಮಾಡಲಿ?’ ಎಂದೂ ಕೇಳಬೇಡಿ, ಏಕೆಂದರೆ ಹೇಳಿ ಮಾಡಿಸುವುದೂ ಅವಳಿಗೆ ಒಂದು ಕೆಲಸವೇ. ಹಾಲಿನ ಬಾಟಲಿ ತೊಳೆದಿಡಿ, ಬಿಸಿ ಸಾರು-ಅನ್ನ ಮುಂದಿಡಿ, ರಾತ್ರಿ ಎರಡು ಗಂಟೆಗೆ ಮಗು ಎದ್ದರೆ ಮಗನನ್ನು ಎಬ್ಬಿಸಿ. ಅವಳ ತಾಯಿಯನ್ನೋ ಅಕ್ಕತಂಗಿಯರನ್ನೋ ಭಾನುವಾರ ಊಟಕ್ಕೆ ಕರೆಯಿರಿ. ಕೂದಲು ಹೆಣೆಯುತ್ತಾ ಅವರ ಬಳಿ ಆಡುವ ಮಾತನ್ನು ಅವಳು ನಿಮ್ಮ ಬಳಿಯಾಗಲಿ, ನನ್ನ ಬಳಿಯಾಗಲಿ ಆಡಲಾರಳು.

ಒಂದು ವಿಷಯದಲ್ಲಿ ಮಾತ್ರ ಸುಮ್ಮನಿರಬೇಡಿ. 2023ರಲ್ಲಿ ಅಮೆರಿಕದಲ್ಲಿ ಪ್ರತಿ 1 ಲಕ್ಷ ಜೀವಂತ ಜನನಗಳಿಗೆ ಕಪ್ಪು ತಾಯಂದಿರಲ್ಲಿ 50.3 ಸಾವುಗಳು, ಬಿಳಿಯರಲ್ಲಿ 14.5. ಹಣ, ಹೆಸರು, ವಿದ್ಯೆ ಇದ್ದರೂ ಈ ಅಪಾಯ ತಪ್ಪುವುದಿಲ್ಲ: 2017ರಲ್ಲಿ ಹೆರಿಗೆಯ ಮರುದಿನ ಉಸಿರು ಕಟ್ಟಿದಂತಾಗಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಎಂದು ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಅವರೇ ಹೇಳಿದರೂ, ನೋವಿನ ಔಷಧದಿಂದ ಗೊಂದಲವಾಗಿರಬೇಕು ಎಂದುಕೊಂಡರಂತೆ ನರ್ಸ್, ಸೆರೆನಾ ಪಟ್ಟು ಹಿಡಿದ ಮೇಲೆ ಮಾಡಿದ ಸಿಟಿ ಸ್ಕ್ಯಾನ್‌ನಲ್ಲಿ ಅದು ನಿಜವೆಂದು ಕಂಡಿತು. ಆದ್ದರಿಂದ ನಿಮ್ಮ ಸೊಸೆಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನ ಊತ, ಇವುಗಳಲ್ಲಿ ಯಾವುದು ಕಂಡರೂ ‘ಚೆನ್ನಾಗಿದ್ದೇನೆ’ ಎಂಬ ಮಾತನ್ನು ನಂಬದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಗನೂ ಜೊತೆಗಿದ್ದು ಅವಳು ಹೇಳುವುದನ್ನು ವೈದ್ಯರು ಬರೆದುಕೊಂಡರೇ ಎಂದು ನೋಡಲಿ.

ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು ಬಾಣಂತಿ ಖಿನ್ನತೆಯ ಅಥವಾ ಆತಂಕದ ಲಕ್ಷಣವಿರಬಹುದು. ಆರನೆಯ ವಾರದ ತಪಾಸಣೆಯವರೆಗೆ ಕಾಯದೆ ಈಗಲೇ ವೈದ್ಯರಿಗೆ ತಿಳಿಸುವುದು ಒಳ್ಳೆಯದು. ತಾಯಂದಿರ ಮಾನಸಿಕ ಆರೋಗ್ಯಕ್ಕೆಂದೇ ಇರುವ ಉಚಿತ ಸಹಾಯವಾಣಿ 1-833-852-6262 ಹಗಲಿರುಳೂ ತೆರೆದಿರುತ್ತದೆ. ತನ್ನ ಸಮುದಾಯದ ಸಮಾಲೋಚಕಿಯೇ ಬೇಕೆಂದರೆ, ಅಟ್ಲಾಂಟಾದ ಮನಶ್ಶಾಸ್ತ್ರಜ್ಞೆ ಜಾಯ್ ಹಾರ್ಡನ್ ಬ್ರಾಡ್‌ಫರ್ಡ್ ಅವರು ಆರಂಭಿಸಿದ ‘ಥೆರಪಿ ಫಾರ್ ಬ್ಲ್ಯಾಕ್ ಗರ್ಲ್ಸ್’ ತಾಣದಲ್ಲಿ ಊರುವಾರು ಪಟ್ಟಿಯಿದೆ. ಅದನ್ನು ಮಗನ ಮೂಲಕ ತಿಳಿಸಿ, ಆಯ್ಕೆಯನ್ನು ಅವಳಿಗೇ ಬಿಡಿ.