ಹಳೆ ವೆಬ್‌ಸೈಟನ್ನು ಹೊಸದಾಗಿ ಕಟ್ಟುವಾಗ ಏನೇನು ಕೈಕೊಡುತ್ತೆ? ಗೊತ್ತಿರುವವರು ಹೇಳಿ

ಪ್ರಶ್ನೆ

ಎಂಟು ವರ್ಷ ಹಳೆಯ ವೆಬ್‌ಸೈಟೊಂದನ್ನು ಹೊಸದಾಗಿ ಮಾಡಿಸಬೇಕಿದೆ. ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ನಡೆಸುವ ತಂತ್ರಾಂಶದಲ್ಲಿದೆ. ಸುಮಾರು 300 ಪುಟ, ಒಂದು ಅರ್ಜಿ ಫಾರ್ಮ್, ಕನ್ನಡ ಮತ್ತು ಇಂಗ್ಲಿಷ್ ಎರಡೂ. ನೋಡುವವರಲ್ಲಿ ಹೆಚ್ಚಿನವರು ಮೊಬೈಲ್‌ನವರು. ಜೊತೆಗೆ ಹೋಸ್ಟಿಂಗ್ (ಸೈಟನ್ನು ಇಟ್ಟಿರುವ ಬಾಡಿಗೆ ಸರ್ವರ್) ಕೂಡ ಬದಲಾಗುತ್ತಿದೆ. ಡಿಸೈನರ್ ಮೂರು ಮುಖಪುಟದ ಮಾದರಿ ಕೊಟ್ಟಿದ್ದಾರೆ, ಯಾವುದು ಅನ್ನೋದರಲ್ಲೇ ಚರ್ಚೆ ನಿಂತುಬಿಟ್ಟಿದೆ. ಎಲ್ಲಿಂದ ಶುರು ಮಾಡೋದು ಸರಿ?

ಉತ್ತರ 1

ಮುಖಪುಟವನ್ನು ಕೊನೆಗಿಡಿ ಸರ್. ಹುಡುಕಿಕೊಂಡು ಬರುವವರು ನೇರವಾಗಿ ಒಳಪುಟಕ್ಕೇ ಇಳಿಯುತ್ತಾರೆ, ಮುಖಪುಟ ನೋಡದೆಯೇ ಕೆಲಸ ಮುಗಿಸಿಕೊಂಡು ಹೋಗುತ್ತಾರೆ.

ಮೊದಲು ಒಂದು ಎಕ್ಸೆಲ್ ಹಾಳೆ ತೆರೆದು 300 ಪುಟಗಳನ್ನೂ ಬರೆದುಕೊಳ್ಳಿ. ಕಾಲಂ ಐದು ಸಾಕು: ಈಗಿನ ವಿಳಾಸ, ಪುಟದಲ್ಲಿ ಏನಿದೆ, ಅದನ್ನು ಯಾರು ತಿದ್ದುತ್ತಾರೆ, ಉಳಿಸೋದೋ ಸೇರಿಸೋದೋ ಕೈಬಿಡೋದೋ, ಹೊಸ ವಿಳಾಸ. ಮೂರನೇ ಕಾಲಂ ಖಾಲಿ ಉಳಿದ ಪುಟ ಒಂದು ವರ್ಷದಲ್ಲಿ ಹಳಸುತ್ತೆ, ಅದನ್ನು ಈಗಲೇ ತೆಗೆಯೋದು ವಾಸಿ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳವರೆಗಿನ ಲೆಕ್ಕ ಸಿಗುತ್ತೆ. ಯಾವ ಪುಟಕ್ಕೆ, ಯಾವ ಪದ ಹುಡುಕಿ ಬಂದರು ಅನ್ನೋದನ್ನು ಇಳಿಸಿಕೊಂಡು ಅದೇ ಹಾಳೆಗೆ ಜೋಡಿಸಿ. ಜನ ಯಾವ ಮೂರು ನಾಲ್ಕು ಕೆಲಸಕ್ಕೆ ಬರುತ್ತಾರೆ ಅನ್ನೋದು ಅಲ್ಲೇ ಕಾಣುತ್ತೆ.

ಮೆನುವಿನಲ್ಲಿ ಅವರು ಹುಡುಕಿದ ಪದಗಳನ್ನೇ ಇಡಿ. ‘ಸೇವೆಗಳು’, ‘ಸಂಪನ್ಮೂಲಗಳು’ ಅಂದರೆ ಒಳಗೆ ಏನಿದೆ ಅಂತ ಯಾರಿಗೂ ಅಂದಾಜಾಗಲ್ಲ. ‘ಅರ್ಜಿ ಹಾಕಿ’, ‘ಅರ್ಜಿ ಎಲ್ಲಿಗೆ ಬಂತು ನೋಡಿ’ ಅಂದರೆ ಆಗುತ್ತೆ. ಆಮೇಲೆ ಈ ಕೆಲಸಕ್ಕೆ ಸಂಬಂಧವೇ ಇಲ್ಲದ ಐದು ಜನರ ಕೈಗೆ ಒಬ್ಬೊಬ್ಬರಿಗಾಗಿ ಫೋನ್ ಕೊಟ್ಟು ‘ಅರ್ಜಿಗೆ ಕೊನೆ ದಿನ ಯಾವತ್ತು, ಹುಡುಕಿ’ ಅನ್ನಿ. ನೀವು ಬಾಯಿ ಬಿಡಬಾರದು, ಕಷ್ಟ ಇರೋದೇ ಅದರಲ್ಲಿ. ಹೆಬ್ಬೆರಳು ಎಲ್ಲಿ ನಿಂತಿತು, ಎಲ್ಲಿಂದ ಹಿಂದಕ್ಕೆ ಹೋದರು ಅಂತ ಬರೆದುಕೊಳ್ಳಿ.

ಮಾಹಿತಿಯನ್ನು ಪಿಡಿಎಫ್ ಮಾಡಿ ನೇತುಹಾಕಬೇಡಿ. ಎ4 ಹಾಳೆ ಫೋನಿನಲ್ಲಿ ಓದಲಾಗದು. ಪುಟದಲ್ಲೇ ಬರೆಯಿರಿ, ಮುದ್ರಿಸಿಕೊಳ್ಳುವವರಿಗೆ ಬೇಕಾದರೆ ಪಿಡಿಎಫ್ ಜೊತೆಗಿರಲಿ. ಮೇಲ್ಗಡೆ ತಾನಾಗಿ ಜಾರುವ ಚಿತ್ರಮಾಲೆ ಇದ್ದರೆ ಅದನ್ನೂ ತೆಗೆಯಿರಿ. ಓದುತ್ತಿರುವಾಗಲೇ ಓಡಿಹೋಗುವ ಸಾಲನ್ನು ಯಾರು ಹಿಂಬಾಲಿಸುತ್ತಾರೆ?

ಉತ್ತರ 2

ಕನ್ನಡ ಇದೆ ಅಂದಿದ್ದೀರಿ, ಹಾಗಾಗಿ ಅಕ್ಷರದ ವಿಷಯ ಮಾತ್ರ ಹೇಳ್ತೀನಿ. ಇಂಗ್ಲಿಷಿಗೆ ಮಾಡಿದ ಥೀಮನ್ನು (ಸೈಟಿನ ಸಿದ್ಧ ವಿನ್ಯಾಸ) ಹಾಗೇ ಕನ್ನಡಕ್ಕೆ ಹಾಕಿದರೆ ಕೆಡುವುದು ಇಲ್ಲಿ.

ಸಾಲಿನ ಎತ್ತರ ಎಷ್ಟೋ ಕಡೆ ಅಕ್ಷರದ ಗಾತ್ರದ 1.2 ಅಥವಾ 1.3 ಪಟ್ಟು ಇರುತ್ತೆ. ‘ರಾಷ್ಟ್ರ’, ‘ಸ್ತ್ರೀ’ ಬಂದ ಕಡೆ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತೆ. ಪಠ್ಯಕ್ಕೆ 1.7, ಶೀರ್ಷಿಕೆಗೆ 1.4ಕ್ಕಿಂತ ಕಡಿಮೆ ಬೇಡ. ಗಾತ್ರ 17 ಅಥವಾ 18 ಪಿಕ್ಸೆಲ್. ಬಟನ್ನಿಗೆ ಎತ್ತರ ಕಟ್ಟಿಹಾಕಿ, ಹೊರಚೆಲ್ಲಿದ್ದನ್ನು ಮರೆಮಾಡುವ ಸಿಎಸ್‌ಎಸ್ (ಪುಟದ ಅಲಂಕಾರದ ಕೋಡ್) ಬರೆದಿದ್ದರೆ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತೆ. ಎತ್ತರ ಕೊಡಬೇಡಿ, ಪ್ಯಾಡಿಂಗ್ (ಅಕ್ಷರದ ಸುತ್ತ ಖಾಲಿ ಜಾಗ) ಕೊಡಿ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಯಲ್ಲೇ ಬಿಡಿ.

ಫಾಂಟ್ ವೊಫ್2 (ವೆಬ್‌ಗೆಂದು ಕುಗ್ಗಿಸಿದ ಫೈಲ್) ರೂಪದಲ್ಲಿರಲಿ, ಅದು ಇಳಿಯುವವರೆಗೆ ಫೋನಿನ ಸ್ವಂತ ಫಾಂಟ್ ಕಾಣುವಂತೆ ‘ಸ್ವಾಪ್’ ಹಾಕಿ. ಫೈಲ್ ಸಣ್ಣದು ಮಾಡಲು ಅಕ್ಷರಗಳನ್ನು ಕತ್ತರಿಸುವವರು ಒತ್ತಕ್ಷರ ಕೂಡಿಸುವ ಜಿಸಬ್ ಕೋಷ್ಟಕವನ್ನೂ ಕಿತ್ತುಹಾಕಿದರೆ ‘ಕ್ಷ’ ಒಡೆದು ‘ಕ್‌ಷ’ ಆಗುತ್ತೆ. ಯೂನಿಕೋಡ್ ವ್ಯಾಪ್ತಿಯಲ್ಲಿ 0ಸಿ80ರಿಂದ 0ಸಿಎಫ್‌ಎಫ್ (ಕನ್ನಡ ಅಕ್ಷರಗಳ ಸಂಕೇತಗಳು) ಜೊತೆಗೆ 200ಸಿ, 200ಡಿ ಕೂಡ ಇರಬೇಕು. ಕೊನೆಯ ಎರಡು ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಗಳು.

ಸೈಟಿನೊಳಗಿನ ಹುಡುಕಾಟ ಕೆಲಸ ಮಾಡುತ್ತಿಲ್ಲ ಅನ್ನುವ ದೂರಿಗೂ ಇವೇ ಕಾರಣ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ನಡುವೆ 200ಸಿ ಕೂತಿರುತ್ತೆ. ಹುಡುಕುವವರು ಅದನ್ನು ಒತ್ತದೆ ‘ಸಾಫ್ಟ್ವೇರ್’ ಎಂದು ಟೈಪಿಸಿದರೆ ಡೇಟಾಬೇಸಿನ ಕಣ್ಣಿಗೆ ಎರಡೂ ಬೇರೆ ಪದ, ಫಲಿತಾಂಶ ಸೊನ್ನೆ. ಪಠ್ಯವನ್ನು ಸೂಚಿಗೆ ಸೇರಿಸುವಾಗಲೂ ಹುಡುಕುವಾಗಲೂ ಆ ಎರಡು ಚಿಹ್ನೆ ತೆಗೆದು ಹೋಲಿಸುವಂತೆ ನಿಮ್ಮ ಡೆವಲಪರ್‌ಗೆ ಹೇಳಿ.

ಹಳೆಯ ಪುಟಗಳಲ್ಲಿ ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟಿನ ಪಠ್ಯ ಇದ್ದರೆ ಸಾಗಿಸುವ ಮುಂಚೆಯೇ ಪರಿವರ್ತಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಲ್ಲೇ ಓದಿ ತಿದ್ದಬೇಕು.

ಇನ್ನೊಂದು: ಭಾಷೆ ಬದಲಿಸುವ ಗುಂಡಿ ಒತ್ತಿದರೆ ಅದೇ ಪುಟದ ಇನ್ನೊಂದು ಭಾಷೆಗೆ ಹೋಗಬೇಕು, ಮುಖಪುಟಕ್ಕಲ್ಲ. ಪುಟದ ಭಾಷೆ ಯಾವುದು ಎಂದು ಎಚ್‌ಟಿಎಂಎಲ್‌ನಲ್ಲೂ ಸರಿಯಾಗಿ ಬರೆದಿರಲಿ. ಇಂಗ್ಲಿಷ್ ಎಂದು ಬಿಟ್ಟಿದ್ದರೆ ಅಂಧರು ಬಳಸುವ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತೊದಲುತ್ತೆ, ಇಲ್ಲವೇ ಸುಮ್ಮನಾಗುತ್ತೆ.

ಉತ್ತರ 3

ವೇಗದ ಬಗ್ಗೆ. ಗೂಗಲ್ ಇಟ್ಟಿರುವ ಮೂರು ಅಳತೆ ಇವು: ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು. ಪುಟ ಜಿಗಿಯುವ ಅಂಕ 0.1 ಮೀರಬಾರದು. 100 ಭೇಟಿಯಲ್ಲಿ 75ಕ್ಕಾದರೂ ಇದು ಸಿಗಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಂದ ಅಂಕಕ್ಕೆ ಬೆಲೆಯಿಲ್ಲ, ಸಾಧಾರಣ ಫೋನು ಹಿಡಿದು ನೋಡಿ.

ನಿಧಾನಕ್ಕೆ ಸಾಮಾನ್ಯ ಕಾರಣ ಚಿತ್ರ. ಫೋನ್ ಕ್ಯಾಮೆರಾದ 4000 ಪಿಕ್ಸೆಲ್ ಚಿತ್ರವನ್ನು 360 ಪಿಕ್ಸೆಲ್ ಅಗಲದ ಪರದೆಗೆ ಹಾಗೇ ತಳ್ಳುತ್ತಾರೆ. 480, 800, 1200, 1600 ಅಗಲಗಳಲ್ಲಿ ವೆಬ್‌ಪಿ (ಹಗುರವಾದ ಚಿತ್ರದ ಫೈಲ್) ಮಾಡಿ, ಗುಣಮಟ್ಟ 75ರ ಆಸುಪಾಸು ಸಾಕು. ಈ ಪಟ್ಟಿ ಕೊಟ್ಟು, ಚಿತ್ರ ಪರದೆಯಲ್ಲಿ ಎಷ್ಟು ಅಗಲ ಕಾಣುತ್ತೆ ಅನ್ನುವ ‘ಸೈಜಸ್’ ಬರೆಯದೆ ಬಿಟ್ಟರೆ, ಬ್ರೌಸರ್ ಇಡೀ ಪರದೆಯಗಲ ಅಂದುಕೊಂಡು ಬೇಕಾದ್ದಕ್ಕಿಂತ ದೊಡ್ಡದನ್ನೇ ಎಳೆಯುತ್ತೆ. ಪ್ರತಿ ಚಿತ್ರಕ್ಕೂ ಅಗಲ ಎತ್ತರ ನಮೂದಿಸಿ, ಇಲ್ಲದಿದ್ದರೆ ಚಿತ್ರ ಬಂದಾಗ ಪಠ್ಯ ಕೆಳಕ್ಕೆ ಹಾರಿ ಬೆರಳು ಬೇರೆ ಗುಂಡಿಯ ಮೇಲೆ ಬೀಳುತ್ತೆ. ತಡವಾಗಿ ಇಳಿಸುವ ‘ಲೇಜಿ’ ಗುಣವನ್ನು ಮೇಲಿನ ಮೊದಲ ಚಿತ್ರಕ್ಕೆ ಹಾಕಬೇಡಿ, ಮುಖ್ಯವಾದದ್ದೇ ತಡವಾಗುತ್ತೆ.

ಚಾಟ್ ಪೆಟ್ಟಿಗೆ, ಭೇಟಿ ಎಣಿಸುವ ಎರಡೆರಡು ಅನಲಿಟಿಕ್ಸ್, ಹಂಚಿಕೊಳ್ಳುವ ಗುಂಡಿಗಳು: ಒಂದೊಂದಾಗಿ ತೆಗೆದು ಅಳೆಯಿರಿ. ಯಾವುದನ್ನು ಯಾರೂ ಕೇಳಲಿಲ್ಲವೋ ಅದು ಮತ್ತೆ ಬೇಡ.

ಉತ್ತರ 4

ಮೇಲಿನವರು ಹೇಳಿದ ಎಲ್ಲವನ್ನೂ ಆಮೇಲೂ ತಿದ್ದಬಹುದು. ಹೋಸ್ಟಿಂಗ್ ಬದಲಿಸುವ ದಿನ ತಪ್ಪಿದ್ದನ್ನು ತಿದ್ದುವುದು ಕಷ್ಟ. ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಡೊಮೇನ್ (ಸೈಟಿನ ಹೆಸರು) ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿ. ಹಿಂದಿನ ಡೆವಲಪರ್‌ನ ಸ್ವಂತ ಖಾತೆಯಲ್ಲಿದ್ದರೆ ಬೇರೆ ಕೆಲಸಕ್ಕೆ ಕೈ ಹಾಕುವ ಮುಂಚೆಯೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆ ಖಾತೆಯ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಬಿದ್ದ ದಿನ ಇಮೇಲೂ ಬೀಳುತ್ತೆ, ಪಾಸ್‌ವರ್ಡ್ ಬದಲಿಸುವ ದಾರಿಯೇ ಮುಚ್ಚಿಹೋಗುತ್ತೆ.

ಡಿಎನ್‌ಎಸ್ (ಹೆಸರಿನಿಂದ ಸರ್ವರಿನ ವಿಳಾಸ ತಿಳಿಸುವ ವ್ಯವಸ್ಥೆ) ದಾಖಲೆಯ ಟಿಟಿಎಲ್, ಅಂದರೆ ಆ ದಾಖಲೆಯನ್ನು ಬೇರೆಯವರು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಅನ್ನೋದು, ಎಷ್ಟಿದೆ ನೋಡಿ. 86400 ಇದ್ದರೆ ಹಳೆ ವಿಳಾಸ ಒಂದು ದಿನ ಅಲ್ಲಲ್ಲಿ ಉಳಿದಿರುತ್ತೆ. ಬದಲಾವಣೆಗೆ ಎರಡು ದಿನ ಮುಂಚೆ ಅದನ್ನು 300ಕ್ಕೆ ಇಳಿಸಿ. ಈ ದಾಖಲೆಗಳನ್ನು ಇಟ್ಟಿರುವ ನೇಮ್‌ಸರ್ವರ್ ಕೂಡ ಬದಲಿಸುವುದಾದರೆ ಹಳೆಯ ಎಲ್ಲ ದಾಖಲೆಗಳನ್ನೂ, ಅದರಲ್ಲೂ ಮೇಲ್‌ಗೆ ಬೇಕಾದ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ಸಾಲುಗಳನ್ನು, ಮೊದಲು ಹೊಸ ಕಡೆ ನಕಲು ಮಾಡಿ. ಸೈಟು ಚೆನ್ನಾಗೇ ತೆರೆಯುತ್ತಿರುತ್ತೆ, ಮೇಲ್ ನಿಂತಿರುವುದು ಎರಡು ದಿನ ಯಾರಿಗೂ ಗೊತ್ತಾಗಲ್ಲ.

ಬದಲಾಯಿಸುವ ಹೊತ್ತಿಗೆ ಹಳೆ ಸೈಟಿನ ಅರ್ಜಿ ಫಾರ್ಮ್ ಮುಚ್ಚಿ. ಇಲ್ಲದಿದ್ದರೆ ಕೆಲವರು ಹಳೆ ಸರ್ವರಿಗೇ ಅರ್ಜಿ ಹಾಕುತ್ತಾರೆ, ಆ ಅರ್ಜಿಗಳು ಹಳೆ ಡೇಟಾಬೇಸಿನಲ್ಲೇ ಉಳಿದುಬಿಡುತ್ತವೆ. ಹಳೆ ಹೋಸ್ಟಿಂಗನ್ನು ಕನಿಷ್ಠ ಎರಡು ವಾರ ಹಿಡಿದಿಟ್ಟುಕೊಳ್ಳಿ.

ವರ್ಡ್‌ಪ್ರೆಸ್‌ನಲ್ಲಿ ವಿಳಾಸ ಬದಲಿಸಲು ಡೇಟಾಬೇಸಿನಲ್ಲಿ ನೇರವಾಗಿ ಹುಡುಕಿ-ಬದಲಿಸಿ ಮಾಡಬೇಡಿ. ಕೆಲವು ಸೆಟ್ಟಿಂಗ್‌ಗಳು ‘ಇಷ್ಟು ಅಕ್ಷರ ಉದ್ದದ ಪದ’ ಎಂದು ಉದ್ದದ ಸಮೇತ ಕೂಡಿಟ್ಟಿರುತ್ತವೆ. ಎಚ್‌ಟಿಟಿಪಿ ಇದ್ದದ್ದು ಎಚ್‌ಟಿಟಿಪಿಎಸ್ ಆದರೆ ಒಂದಕ್ಷರ ಹೆಚ್ಚು, ಉದ್ದದ ಅಂಕಿ ಮಾತ್ರ ಹಳೆಯದೇ. ಲೆಕ್ಕ ತಪ್ಪಿತು ಅಂತ ಇಡೀ ಸೆಟ್ಟಿಂಗನ್ನೇ ಅದು ಓದದೆ ಬಿಡುತ್ತೆ, ವಿಜೆಟ್ಟು ಮಾಯ. ಡಬ್ಲ್ಯುಪಿ-ಸಿಎಲ್‌ಐ ಉಪಕರಣದ ಸರ್ಚ್-ರಿಪ್ಲೇಸ್ ಆ ಉದ್ದವನ್ನೂ ಸರಿಮಾಡುತ್ತೆ. ಮೊದಲು ಡ್ರೈ-ರನ್ (ಏನನ್ನೂ ಬದಲಿಸದ ಪರೀಕ್ಷೆ) ಹಾಕಿ ಎಷ್ಟು ಕಡೆ ಬದಲಾಗುತ್ತೆ ನೋಡಿ.

ಉತ್ತರ 1ರವರ ಹಾಳೆ ಈಗ ಕೆಲಸಕ್ಕೆ ಬರುತ್ತೆ. ಹಳೆ ವಿಳಾಸದಿಂದ ಹೊಸ ವಿಳಾಸಕ್ಕೆ ಒಂದಕ್ಕೊಂದು 301 (ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎಂದು ತಿರುಗಿಸುವ ಸಂಕೇತ) ಹಾಕಿ, ಒಂದೇ ಹೆಜ್ಜೆಯಲ್ಲಿ ತಲುಪಬೇಕು. ತೆಗೆದುಹಾಕಿದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಬೇಡಿ. ಬಂದವರಿಗೆ ದಾರಿ ತಪ್ಪಿದಂತಾಗುತ್ತೆ, ಗೂಗಲ್ ಕೂಡ ಅದನ್ನು ಇಲ್ಲದ ಪುಟ ಎಂದೇ ಎಣಿಸುತ್ತೆ. ಅವುಗಳಿಗೆ 404 (ಪುಟ ಸಿಗಲಿಲ್ಲ) ಅಥವಾ 410 (ಪುಟ ತೆಗೆದಿದೆ) ಸರಿ. ತಿರುವುಗಳನ್ನು ಒಂದು ವರ್ಷವಾದರೂ ಇಡಿ, ನನ್ನ ಕೇಳಿದರೆ ತೆಗೆಯಲೇಬೇಡಿ.

ವಿಳಾಸದ ಬಾಲವನ್ನು ಕನ್ನಡ ಲಿಪಿಯಲ್ಲಿ ಬಿಡಬೇಕಾದರೆ ಒಂದು ಮಿತಿ ಗೊತ್ತಿರಲಿ. ಕನ್ನಡದ ಪ್ರತಿ ಚಿಹ್ನೆ ಮೂರು ಬೈಟು, ವಿಳಾಸದಲ್ಲಿ ಶೇಕಡಾ ಗುರುತಿನ ರೂಪಕ್ಕೆ ತಿರುಗಿದಾಗ ಒಂಬತ್ತು ಅಕ್ಷರ. ವರ್ಡ್‌ಪ್ರೆಸ್ ಈ ಭಾಗಕ್ಕೆ 200 ಅಕ್ಷರ ಮಾತ್ರ ಇಟ್ಟಿದೆ. ಗುಣಿತ, ಒತ್ತು ಎಲ್ಲ ಸೇರಿ 22 ಚಿಹ್ನೆಗೆ ವಿಳಾಸ ತುಂಡಾಗುತ್ತೆ. ಸಣ್ಣ ರೋಮನ್ ಬಾಲ ಕೈಯಲ್ಲೇ ಬರೆಯುವುದು ನೆಮ್ಮದಿ.

ಪರೀಕ್ಷೆಯ ಸೈಟಿನಲ್ಲಿ ‘ಸರ್ಚ್ ಎಂಜಿನ್‌ಗೆ ಬೇಡ’ ಎಂದು ಟಿಕ್ ಮಾಡಿದ್ದು ನಿಜ ಸೈಟಿಗೂ ಹಾಗೇ ಬರುತ್ತೆ. ಬಿಡುಗಡೆಯ ದಿನ ಮೊದಲು ನೋಡಬೇಕಾದದ್ದು ಇದನ್ನೇ.

ಎಚ್‌ಟಿಟಿಪಿಎಸ್‌ಗೆ ಬೇಕಾದ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ಪ್ರಮಾಣಪತ್ರ 90 ದಿನದ್ದು, ತಾನಾಗಿ ನವೀಕರಣವಾಗುತ್ತೆ ಅಂತ ಎಲ್ಲರೂ ಮರೆಯುತ್ತಾರೆ. ಎರಡು ಕಡೆ ಕೆಡುತ್ತೆ. ಫೈರ್‌ವಾಲಿನಲ್ಲಿ 80ನೇ ಪೋರ್ಟ್ ಮುಚ್ಚಿದರೆ ಅದರ ಮೂಲಕ ನಡೆಯುವ ತಪಾಸಣೆ ಬೀಳುತ್ತೆ. ಅಥವಾ ಹೊಸ ಪತ್ರ ಬಂದರೂ ವೆಬ್ ಸರ್ವರನ್ನು ರೀಲೋಡ್ ಮಾಡದ ಕಾರಣ ಹಳೆಯದನ್ನೇ ತೋರಿಸುತ್ತಿರುತ್ತೆ. ಅವಧಿ ಮುಗಿಯುವ ಎಚ್ಚರಿಕೆ ಮೇಲನ್ನು ಅವರು 2025ರ ಜೂನ್‌ನಲ್ಲಿ ನಿಲ್ಲಿಸಿದರು. ಹೊರಗಿನಿಂದ ದಿನಾಂಕ ನೋಡುವ ಒಂದು ಕಾವಲು ನೀವೇ ಇಡಬೇಕು.

ಕೇಳಿದವರು

ಎಲ್ಲರಿಗೂ ಧನ್ಯವಾದ. ಫಾರ್ಮ್ ತುಂಬಿದರೂ ನಮಗೆ ಮೇಲ್ ಬರಲ್ಲ, ಕೆಲವು ಸಲ ಸ್ಪ್ಯಾಮಿನಲ್ಲಿ ಸಿಗುತ್ತೆ. ಹೊಸ ಹೋಸ್ಟಿಂಗಿಗೆ ಹೋದರೆ ಸರಿಹೋಗುತ್ತಾ?

ಉತ್ತರ 5

ಹೋಗಲ್ಲ. ಬಹುಶಃ ನಿಮ್ಮ ಫಾರ್ಮ್, ಅರ್ಜಿದಾರರ ಇಮೇಲನ್ನೇ ಕಳಿಸಿದವರ ಜಾಗದಲ್ಲಿ ಹಾಕಿ ಕಳಿಸುತ್ತಿದೆ. ಜಿಮೇಲ್ ವಿಳಾಸದ ಹೆಸರಲ್ಲಿ ನಿಮ್ಮ ಸರ್ವರ್ ಮೇಲ್ ಕಳಿಸಿದರೆ ಪಡೆಯುವ ಕಡೆಗೆ ಅದು ನಕಲಿ ಅನ್ನಿಸುತ್ತೆ. ‘ಫ್ರಂ’ನಲ್ಲಿ ನಿಮ್ಮ ಡೊಮೇನಿನ ವಿಳಾಸ, ‘ರಿಪ್ಲೈ-ಟು’ನಲ್ಲಿ ಅರ್ಜಿದಾರರದ್ದು. ಸರ್ವರೇ ನೇರವಾಗಿ ಕಳಿಸುವ ಪಿಎಚ್‌ಪಿಯ ಮೇಲ್ ಬಿಟ್ಟು, ಪಾಸ್‌ವರ್ಡ್ ಹಾಕಿ ಮೇಲ್ ಖಾತೆಯಿಂದ ಕಳಿಸುವ ಎಸ್‌ಎಂಟಿಪಿ ಬಳಸಿ.

ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ) ಸಾಲು ಒಂದೇ ಇರಬೇಕು. ಎರಡಿದ್ದರೆ ಎರಡೂ ಇಲ್ಲದ ಹಾಗೆ. ಅದನ್ನು ಪರೀಕ್ಷಿಸಲು ಬೇಕಾಗುವ ಡಿಎನ್‌ಎಸ್ ಹುಡುಕಾಟ 10 ಮೀರಿದರೂ ದೋಷವೇ. ಮೇಲ್ ನಿಮ್ಮದೇ ಎಂದು ತೋರಿಸುವ ಡಿಕಿಮ್ ಸಹಿ ಹಾಕಿಸಿ, ತಪಾಸಣೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕು ಎಂದು ಹೇಳುವ ಡಿಮಾರ್ಕನ್ನು ಮೊದಲು ‘ನನ್’ (ಏನೂ ಮಾಡಬೇಡ) ಎಂದಿಟ್ಟು ವರದಿಗಳನ್ನು ಕೆಲವು ವಾರ ನೋಡಿ, ಆಮೇಲೆ ಬಿಗಿ ಮಾಡಿ.

ಆದರೆ ಮೇಲನ್ನೇ ನಂಬಿ ಕೂರಬೇಡಿ. ಅರ್ಜಿ ಮೊದಲು ಡೇಟಾಬೇಸಿಗೆ ಬೀಳಬೇಕು, ಮೇಲ್ ಬರೀ ಸೂಚನೆ. ಅರ್ಜಿದಾರರಿಗೆ ಪರದೆಯ ಮೇಲೆ ಒಂದು ಕ್ರಮಸಂಖ್ಯೆ ಕೊಡಿ. ಫಾರ್ಮ್ ಇರುವ ಪುಟವನ್ನು ಕ್ಯಾಶ್‌ನಿಂದ (ಬೇಗ ತೋರಿಸಲು ಕೂಡಿಟ್ಟ ಪುಟದ ನಕಲು) ಹೊರಗಿಡಿ. ವರ್ಡ್‌ಪ್ರೆಸ್‌ನ ಭದ್ರತಾ ಟೋಕನ್ 12ರಿಂದ 24 ಗಂಟೆಗೆ ಮುಗಿಯುತ್ತೆ, ನಿನ್ನೆಯ ನಕಲು ತೆರೆದವರು ಎಲ್ಲ ತುಂಬಿ ಕಳಿಸಿದ ಮೇಲೆ ತಿರಸ್ಕಾರ ನೋಡುತ್ತಾರೆ. ತುಂಬುವ ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಿದ್ದರೆ ಐಫೋನ್ ಪುಟವನ್ನೇ ಹಿಗ್ಗಿಸುತ್ತೆ, ಅದನ್ನೂ ನೋಡಿಕೊಳ್ಳಿ.

ಉತ್ತರ 6

ನಡೆಸುವವರ ಕಡೆಯಿಂದ ಎರಡು ಮಾತು. ಬ್ಯಾಕಪ್ ಎಂದರೆ ಡೇಟಾಬೇಸ್ ಮತ್ತು ಅಪ್‌ಲೋಡ್ಸ್ ಫೋಲ್ಡರ್ ಎರಡೂ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಚಿತ್ರವಿಲ್ಲದ ಪುಟ, ಇಲ್ಲವೇ ಪುಟವಿಲ್ಲದ ಚಿತ್ರ. ಡೇಟಾಬೇಸ್ ದಿನಾ, ಫೈಲು ವಾರಕ್ಕೊಮ್ಮೆ, ಇಡುವುದು ಬೇರೆ ಕಂಪನಿಯ ಜಾಗದಲ್ಲಿ. ಅದೇ ಸರ್ವರಿನ ಸಾರ್ವಜನಿಕ ಫೋಲ್ಡರಿನಲ್ಲಿ ಇಟ್ಟರೆ ಹೆಸರು ಊಹಿಸಿದವರು ಯಾರು ಬೇಕಾದರೂ ಇಳಿಸಿಕೊಳ್ಳುತ್ತಾರೆ, ಡಿಸ್ಕೂ ತುಂಬುತ್ತೆ. ಡಿಸ್ಕ್ ತುಂಬಿದರೆ ಡೇಟಾಬೇಸ್ ಬರೆಯೋದನ್ನು ನಿಲ್ಲಿಸುತ್ತೆ, ಸೈಟು ಮಾತ್ರ ಅರ್ಧ ಜೀವದಲ್ಲಿ ತೆರೆಯುತ್ತಲೇ ಇರುತ್ತೆ. ಮೂರು ತಿಂಗಳಿಗೊಮ್ಮೆ ಖಾಲಿ ಸರ್ವರಿನಲ್ಲಿ ಬ್ಯಾಕಪ್ಪಿನಿಂದ ಸೈಟನ್ನು ಎಬ್ಬಿಸಿ, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ.

ಐದು ನಿಮಿಷಕ್ಕೊಮ್ಮೆ ಹೊರಗಿನಿಂದ ತಪಾಸಣೆ ಮಾಡುವ ಸೇವೆ ಇಡಿ. ಅದು ‘ಎಲ್ಲ ಸರಿ’ ಅನ್ನುವ 200 ಸಂಕೇತ ಬಂತಾ ಅಂತ ಮಾತ್ರ ನೋಡಬಾರದು, ಪುಟದ ಕೊನೆಯ ಒಂದು ಪದ ಸಿಕ್ಕಿತಾ ಅಂತ ನೋಡಬೇಕು. ಖಾಲಿ ಬಿಳಿ ಪುಟ ಕೂಡ 200 ಕೊಡಬಲ್ಲದು.

ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತುಣುಕು ತಂತ್ರಾಂಶ) ಅಪ್‌ಡೇಟನ್ನು ಶುಕ್ರವಾರ ಸಂಜೆ ಮಾಡಬೇಡಿ. ಬಳಸದ ಪ್ಲಗಿನ್ ನಿಷ್ಕ್ರಿಯ ಮಾಡಿದರೆ ಸಾಲದು, ಅಳಿಸಿ. ಅದರ ಕಡತ ಸರ್ವರಿನಲ್ಲಿ ಇರುವವರೆಗೂ ಭದ್ರತೆಯ ತೂತು ಇದ್ದರೆ ತೂತೇ.

ಕೇಳಿದವರು

ಸರಿ, ಹಾಳೆ ಇವತ್ತೇ ಶುರು ಮಾಡ್ತೀವಿ. ಆದರೂ ಮೂರು ಮುಖಪುಟದಲ್ಲಿ ಯಾವುದು?

ಉತ್ತರ 1

ಮೂರಕ್ಕೂ ಡಿಸೈನರ್ ಜಾಗ ತುಂಬಲು ಯಾವುದೋ ಇಂಗ್ಲಿಷ್ ಪಠ್ಯ ಹಾಕಿರುತ್ತಾರೆ. ಅದನ್ನು ತೆಗೆಸಿ, ನಿಮ್ಮ ನಿಜವಾದ ಕನ್ನಡ ಸಾಲುಗಳನ್ನೇ ತುಂಬಿಸಿ 360 ಪಿಕ್ಸೆಲ್ ಅಗಲದ ಫೋನಿನಲ್ಲಿ ತೆರೆಯಿರಿ. ‘ಅರ್ಜಿ ಸಲ್ಲಿಸುವ ಕೊನೆಯ ದಿನಾಂಕ ವಿಸ್ತರಣೆ’ ಅನ್ನುವ ಶೀರ್ಷಿಕೆ ನಾಲ್ಕು ಸಾಲಿಗೆ ಒಡೆದು ಅರ್ಜಿಯ ಗುಂಡಿಯನ್ನು ಪರದೆಯಿಂದ ಕೆಳಕ್ಕೆ ತಳ್ಳಿದ ಮಾದರಿಯನ್ನು ಬಿಡಿ. ಬಿಸಿಲಿನಲ್ಲಿ ಹಿಡಿದು, ಅಕ್ಷರ-ಹಿನ್ನೆಲೆಯ ಬಣ್ಣದ ಅನುಪಾತ 4.5:1 ಮುಟ್ಟದ ತೆಳು ಬೂದು ಪಠ್ಯದ್ದನ್ನೂ ಬಿಡಿ. ಸಾಮಾನ್ಯವಾಗಿ ಅಷ್ಟರಲ್ಲಿ ಒಂದೇ ಉಳಿದಿರುತ್ತೆ. ಒಂದೂ ಉಳಿಯದಿದ್ದರೆ ಆ ಮೂರನ್ನೂ ಫೋನಿನ ಅಗಲದಿಂದಲೇ ಮತ್ತೆ ಬರೆಸಿ.