ಅಪ್‌ಡೇಟ್: ತಂಗಿಗೆ ಇಂಟರ್ನ್‌ಶಿಪ್ ಸಿಕ್ಕಿತು, ಕೆಲಸಕ್ಕೆ ಬಂದ ಸಲಹೆ ಇದು

ಕಂಪ್ಯೂಟರ್ ಸೈನ್ಸ್ ಬಿಇ ಮುಗಿಸಿದ ತಂಗಿ ಒಳ್ಳೆ ಮಾರ್ಕ್ಸ್ ಇದ್ದರೂ ಇಂಟರ್‌ವ್ಯೂನಲ್ಲಿ ಪಾಸಾಗುತ್ತಿಲ್ಲ, ಶಿರಸಿಯಲ್ಲೇ ಇದ್ದು ಏನು ಕಲಿಯಬಹುದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಈಗ ಅವಳಿಗೆ ಇಂಟರ್ನ್‌ಶಿಪ್ ಸಿಕ್ಕಿದೆ, ಮನೆಯಿಂದಲೇ ಕೆಲಸ.

ಫಲ ಕೊಟ್ಟದ್ದು "ಬೇರೆಯವರ ಕೋಡ್ ಓದಿಸಿ, ಗಿಟ್ ಕಲಿಸಿ" ಎಂದು ಆಗ ಉತ್ತರಿಸಿದ ಕಾರವಾರದ ಅಕ್ಕ ಒಬ್ಬರ ಸಲಹೆ. (ಗಿಟ್ ಅಂದರೆ ಕೋಡಿನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್.) ಕಾಲೇಜಿನಲ್ಲಿ ಪ್ರತಿ ಲ್ಯಾಬ್ ಪ್ರೋಗ್ರಾಂ ಖಾಲಿ ಫೈಲಿನಿಂದ ಶುರು, ವೈವಾ ಆದರೆ ಅಲ್ಲಿಗೆ ಮುಗಿಯಿತು. ಕೆಲಸದಲ್ಲಿ ಹಾಗಲ್ಲ. ಯಾರೋ ಬರೆದಿಟ್ಟ ಸಾವಿರಾರು ಸಾಲಿನೊಳಗೆ ಹೊಕ್ಕು, ಒಂದೇ ಸಾಲು ಬದಲಿಸಿ, ಉಳಿದದ್ದು ಕೆಟ್ಟಿಲ್ಲ ಅಂತ ಪರೀಕ್ಷಿಸುವ ಟೆಸ್ಟ್ ಕೋಡ್ ಬರೆದು ತೋರಿಸಬೇಕು. ಅವಳು ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟಿನ ಸಣ್ಣ ಬಗ್, ಅಂದರೆ ದೋಷ, ಸರಿಪಡಿಸಿದಳು. ಇಂಟರ್‌ವ್ಯೂನಲ್ಲಿ ಜಾಸ್ತಿ ಮಾತು ಅದರ ಮೇಲೆಯೇ ನಡೆಯಿತು!

ದುಡ್ಡು ಕೊಟ್ಟು ಸೇರಿದ ಸರ್ಟಿಫಿಕೇಟ್ ಕೋರ್ಸ್ ಉಪಯೋಗಕ್ಕೆ ಬರಲಿಲ್ಲ, ಸುಮ್ನೆ ವಿಡಿಯೋ ನೋಡಿದ್ದಷ್ಟೇ. ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಪ್ರೋಗ್ರಾಂನಲ್ಲಿ ಜೋಡಿಸಿಡುವ ವಿಧಾನಗಳು) ಅಭ್ಯಾಸ ಮಾತ್ರ ಇಂಟರ್‌ವ್ಯೂನ ಮೊದಲ ಸುತ್ತಿಗೆ ಬೇಕೇ ಬೇಕು.

ಆಶ್ಚರ್ಯ ಆದದ್ದು ಇದು: ಅಮೆರಿಕದ ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯಲ್ಲೂ ಕೆಲಸಕ್ಕೆ ಬೇಕಾದ ಇಂಥ ಸಾಧನಗಳನ್ನು ಕಲಿಸದ ಕೊರತೆ ಕಂಡು, 2020ರಲ್ಲಿ 'ಮಿಸ್ಸಿಂಗ್ ಸೆಮಿಸ್ಟರ್' ಅಂತ ಪಾಠ ನಡೆಸಿದ್ದಾರೆ. ಶೆಲ್ (ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್ ನಡೆಸುವುದು), ಗಿಟ್, ಡಿಬಗ್ಗಿಂಗ್ (ಕೋಡಿನ ದೋಷ ಹುಡುಕಿ ಸರಿಪಡಿಸುವುದು) ಎಲ್ಲ ಅದರಲ್ಲಿದೆ, ಆನ್‌ಲೈನಿನಲ್ಲಿ ಉಚಿತ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುತ್ತವೆ ಅಲ್ವಾ, ಟಿಪ್ಪಣಿಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ.