ಪದಚರ್ಚೆ: ಸ್ಪಿನ್ನಿಂಗ್ ರೀಲ್, ಫಿನೆಸ್, ಡ್ರ್ಯಾಗ್ – ಕನ್ನಡದಲ್ಲಿ ಏನನ್ನೋಣ? (ಶುಕ್ರವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ನಾನಿರುವುದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಈ ಭಾನುವಾರ ಇಲ್ಲಿನ ಕನ್ನಡದ ಮಕ್ಕಳನ್ನು ಟ್ರಾವಿಸ್ ಸರೋವರಕ್ಕೆ ಮೀನು ಹಿಡಿಯಲು ಕರೆದುಕೊಂಡು ಹೋಗುತ್ತಿದ್ದೇವೆ. ಊರಿಂದ ಬಂದಿರುವ ಅಜ್ಜ ಅಜ್ಜಿಯರೂ ಜೊತೆಗಿರುತ್ತಾರೆ. ಅಜ್ಜ ಓದಿ ಮೊಮ್ಮಗನಿಗೆ ಹೇಳಿಕೊಡುವ ಹಾಗೆ ಎರಡು ಪುಟದ ಕನ್ನಡ ಕೈಪಿಡಿ ಮಾಡುತ್ತಿದ್ದೇನೆ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ರಾಡು (ಗಾಳದ ಕೋಲು), ರೀಲು (ಅದಕ್ಕೆ ಕೂರಿಸುವ, ದಾರ ಸುತ್ತುವ ಸಾಧನ) ಆರಿಸಿಕೊಳ್ಳುವುದು ಹೇಗೆ ಅನ್ನುವುದೇ ವಿಷಯ. ಶನಿವಾರ ಪ್ರಿಂಟ್ ಆಗಬೇಕು.

ಮೊದಲನೆಯದು ಫಿನೆಸ್. ಟ್ರಾವಿಸ್‌ನ ನೀರು ತಿಳಿ, ಅಲ್ಲಿನ ಬಾಸ್ ಮೀನು ಬಲು ಹುಷಾರು. ದಪ್ಪ ದಾರ ಕಂಡರೆ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ 2ರಿಂದ 7 ಗ್ರಾಮಿನ ಪುಟ್ಟ ರಬ್ಬರ್ ಹುಳುವನ್ನು ಸಣ್ಣ ದಾರಕ್ಕೆ ಕಟ್ಟಿ, ತಳದಲ್ಲಿ ನಿಧಾನವಾಗಿ ಆಡಿಸುತ್ತಾರೆ. ಇದಕ್ಕೆ ‘ನಾಜೂಕು ಗಾಳ’ ಅಂತ ಬರೆದಿದ್ದೇನೆ. ನಡೆಯುತ್ತದೆಯೇ?

ಎರಡನೆಯದು ರಾಡಿನ ಪವರ್ ಮತ್ತು ಆ್ಯಕ್ಷನ್. ಇವೆರಡೂ ಬೇರೆ ಬೇರೆ. ಬಗ್ಗಿಸಲು ಎಷ್ಟು ಬಲ ಬೇಕು ಅನ್ನುವುದು ಪವರ್. ಎಲ್ಲಿಂದ ಬಗ್ಗುತ್ತದೆ ಅನ್ನುವುದು ಆ್ಯಕ್ಷನ್. ಮಕ್ಕಳಿಗೆ ನಾನು ಹೇಳುತ್ತಿರುವುದು 6.5ರಿಂದ 7 ಅಡಿಯ, ಮೀಡಿಯಂ-ಲೈಟ್ ಪವರ್, ಫಾಸ್ಟ್ ಆ್ಯಕ್ಷನ್ ರಾಡು. ಕಂಪ್ಯೂಟರ್ ಅನುವಾದದಲ್ಲಿ ‘ವೇಗದ ಕ್ರಿಯೆ’ ಅಂತ ಬಂತು. ಓದಿದ ಯಾರಿಗೂ ಏನೂ ತಿಳಿಯಲಿಲ್ಲ.

ಮೂರನೆಯದು ರೀಲಿನ ಭಾಗಗಳು: ಸ್ಪೂಲ್, ಬೇಲ್, ಡ್ರ್ಯಾಗ್. ಸ್ಪೂಲ್ ಅಂದರೆ ದಾರ ಸುತ್ತಿರುವ ಉರುಳೆ. ಬೇಲ್ ಅಂದರೆ ಬಕೆಟ್ಟಿನ ಹಿಡಿಯ ಹಾಗೆ ಮೇಲೆತ್ತಿ ಇಳಿಸುವ ತಂತಿ. ಡ್ರ್ಯಾಗ್ ಅಂದರೆ ಮೀನು ಜಗ್ಗಿದಾಗ ದಾರವನ್ನು ಬಿಗಿ ಹಿಡಿದೇ ಬಿಡುವ ಭಾಗ.

ದಯವಿಟ್ಟು ಬೇಗ ತಿಳಿಸಿ.

ಮರು (ಮೈಸೂರಿನಿಂದ):

ರಾಡು ಯಾಕೆ? ಗಾಳದ ಕೋಲು ಇದೆ. ರೀಲು ಯಾಕೆ? ರಾಟೆ ಇದೆ. ಸ್ಪಿನ್ನಿಂಗ್ ರೀಲ್ ಅಂದರೆ ತಿರುಗುರಾಟೆ. ಮುಗಿಯಿತು.

ನಾಜೂಕು ಬೇಡವೇ ಬೇಡ. ಅದು ಪಾರಸಿ. ನಮ್ಮಲ್ಲಿ ನವಿರು ಅನ್ನುವ ಎಷ್ಟು ಚೆಂದದ ಪದ ಇದೆ! ಹಳಗನ್ನಡದಲ್ಲಿ ನವಿರ್ ಅಂದರೆ ಕೂದಲು. ನವಿರೇಳುವುದು ಅನ್ನುತ್ತೇವಲ್ಲ, ಅದೇ. ಕೂದಲಿನಷ್ಟು ಸಣ್ಣ ದಾರದಲ್ಲಿ ಮೀನು ಹಿಡಿಯುವುದಕ್ಕೆ ‘ನವಿರುಗಾಳ’ಕ್ಕಿಂತ ಒಳ್ಳೆಯ ಪದ ಸಿಗುವುದಿಲ್ಲ.

ಮರು (ದೊಡ್ಡಬಳ್ಳಾಪುರದಿಂದ):

ನವಿರುಗಾಳ ಒಪ್ಪಿದೆ. ಆದರೆ ಮೇಷ್ಟ್ರೇ, ರಾಟೆ ಮಾತ್ರ ನಿಮ್ಮ ಲೆಕ್ಕದ ಅಚ್ಚಗನ್ನಡ ಅಲ್ಲ. ಬಾವಿಯಿಂದ ನೀರೆತ್ತುವ ಚಕ್ರಕ್ಕೆ ಸಂಸ್ಕೃತದಲ್ಲಿರುವ ಅರಘಟ್ಟ ಅನ್ನುವ ಪದದಿಂದ ಸವೆದು ಬಂದದ್ದು. ಮರಾಠಿಯ ರಹಾಟ ಕೂಡ ಅದರದೇ ಕವಲು. ಪಾರಸಿ ಬೇಡ, ಸಂಸ್ಕೃತ ಇರಲಿ ಅನ್ನುವುದು ಯಾವ ನ್ಯಾಯ?

ಅದು ಹೋಗಲಿ. ತಿರುಗುರಾಟೆ ಅನ್ನುವುದು ಅರ್ಥದಲ್ಲೇ ತಪ್ಪು. ಬಾವಿಯ ರಾಟೆ ಹಗ್ಗದ ಜೊತೆ ತಿರುಗುತ್ತದೆ. ಈ ರೀಲಿನಲ್ಲಿ ಗಾಳ ಎಸೆಯುವಾಗ ದಾರ ಸುತ್ತಿದ ಭಾಗ ತಿರುಗುವುದೇ ಇಲ್ಲ. ದಾರ ಅದರ ಮೂತಿಯಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ತಿರುಗಿಸಬೇಕಾದ ಭಾರ ಇಲ್ಲದ್ದರಿಂದಲೇ 2 ಗ್ರಾಮಿನ ಹುಳುವೂ ದೂರ ಹೋಗಿ ಬೀಳುವುದು.

ನಮ್ಮದು ನೇಯ್ಗೆ ಮನೆ. ಲಾಳಿಯೊಳಗೆ ಕಂಡಿಕೆ, ಅಂದರೆ ನೂಲು ಸುತ್ತಿದ ಸಣ್ಣ ಕೊಳವೆ, ಹಾಕುತ್ತೇವೆ. ಲಾಳಿ ಮಗ್ಗದ ಈ ಕಡೆಯಿಂದ ಆ ಕಡೆಗೆ ಓಡುವಾಗ ಕಂಡಿಕೆ ಅಲ್ಲಾಡುವುದಿಲ್ಲ, ನೂಲು ಅದರ ತುದಿಯಿಂದ ಜಾರಿ ಹೊರಗೆ ಬರುತ್ತದೆ. ಚಿಕ್ಕವನಿದ್ದಾಗ ಅವ್ವನ ಪಕ್ಕ ಕೂತು ನೂರಾರು ಕಂಡಿಕೆ ಸುತ್ತಿದ್ದೇನೆ. ಒಂದು ಸುತ್ತು ಸಡಿಲ ಆದರೂ ನೂಲು ಗೊಂಚಲಾಗಿ ಬಂದು ಸಿಕ್ಕಾಗುತ್ತಿತ್ತು. ಸ್ಪಿನ್ನಿಂಗ್ ರೀಲಿನಲ್ಲಿ ಆಗುವ ಸಿಕ್ಕೂ ಅದೇ. ಈ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಇಲಿಂಗ್‌ವರ್ತ್ ಕೂಡ ಉಣ್ಣೆ ಗಿರಣಿಯ ಮನೆತನದವನು. ಸ್ಪೂಲಿಗೆ ಕಂಡಿಕೆ ಅನ್ನಿ, ಅಕ್ಕಾ. ಕಣ್ಣು ಮುಚ್ಚಿಕೊಂಡು ಅನ್ನಿ.

ಮರು (ಕನಕಪುರದಿಂದ):

ನಮ್ಮ ದೊಡ್ಡಪ್ಪ ಕಾವೇರಿ ದಂಡೆಯ ಭೀಮೇಶ್ವರಿಯಲ್ಲಿ ಮಹಶೀರ್ ಮೀನು ಹಿಡಿಯಲು ಬರುವವರಿಗೆ ಹರಿಗೋಲು ಹಾಕುತ್ತಿದ್ದರು. ರಾಗಿ ಹಿಟ್ಟಿನ ಉಂಡೆ ಕಟ್ಟಿ ಗಾಳಕ್ಕೆ ಮೆತ್ತುತ್ತಿದ್ದರು. ಅವರ ಬಾಯಲ್ಲಿ ಕೇಳಿದ್ದು ರಾಡು, ರೀಲು ಅಂತಲೇ. ‘ರೀಲು ಕೂಗ್ತು’ ಅನ್ನುತ್ತಿದ್ದರು, ಮೀನು ದಾರ ಎಳೆದುಕೊಂಡು ಓಡಿದಾಗ. ಮೈಸೂರಿನ ವ್ಯಾನ್ ಇಂಗೆನ್ ಕಬಿನಿ ಹೊಳೆಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು 1946ರಲ್ಲಿ. ಅಷ್ಟು ಹಿಂದಿನಿಂದ ನಮ್ಮ ಹೊಳೆ ದಂಡೆಯಲ್ಲಿ ಇರುವ ಸಾಮಾನು ಇದು. ಈಗ ಅದಕ್ಕೆ ಹೆಸರಿಡುವ ಶಾಸ್ತ್ರ ಯಾಕೆ?

ಮರು (ಮೈಸೂರಿನಿಂದ):

ಜನ ಅನ್ನುತ್ತಾರೆ ಅನ್ನುವುದು ವಾದವಲ್ಲ. ಹೀಗೆ ಒಂದೊಂದೇ ಬಿಟ್ಟುಕೊಟ್ಟು ಅಡುಗೆಮನೆಯವರೆಗೂ ಇಂಗ್ಲಿಷ್ ಬಂದಾಯಿತು. ಅಕ್ಕಿಯನ್ನೂ ರೈಸ್ ಅನ್ನುತ್ತಿದ್ದೇವೆ.

ಮರು (ಕನಕಪುರದಿಂದ):

ಅಕ್ಕಿ ನಮ್ಮದು, ಅದಕ್ಕೆ ರೈಸ್ ಅಂದರೆ ನನಗೂ ಬೇಜಾರೇ. ರೀಲು ಹೊರಗಿನಿಂದ ಬಂದ ವಸ್ತು, ಹೆಸರು ಹೊತ್ತುಕೊಂಡೇ ಬಂತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ದೊಡ್ಡಪ್ಪನ ಕನ್ನಡ ಯಾರ ಕನ್ನಡಕ್ಕೂ ಕಡಿಮೆ ಇರಲಿಲ್ಲ.

ಮರು (ಕುಂದಾಪುರದಿಂದ):

ಜಗಳ ಆಮೇಲೆ ಆಡಿ. ಅವರಿಗೆ ಶನಿವಾರ ಪ್ರಿಂಟ್ ಇದೆ. ಪವರ್‌ಗೆ ಗಡಸು, ಆ್ಯಕ್ಷನ್‌ಗೆ ಬಾಗು. ಫಾಸ್ಟ್ ಅಂದರೆ ತುದಿ ಮಾತ್ರ ಬಗ್ಗುವುದು, ತುದಿಬಾಗು ಅನ್ನಿ. ಸ್ಲೋ ಅಂದರೆ ಬುಡದವರೆಗೂ ಬಗ್ಗುವುದು, ಬುಡಬಾಗು. ಇನ್ನೊಂದು ಮಾತು. ಮೀನಿಗೆ ‘ಬಾಸ್’ ಅಂತ ಬರೆಯಬೇಡಿ. ಓದುವವರು ಆಫೀಸಿನ ಬಾಸ್ ಅಂದುಕೊಳ್ಳುತ್ತಾರೆ. ಬ್ಯಾಸ್ ಅಂತ ಬರೆಯಿರಿ.

ಮರು (ಆಸ್ಟಿನ್‌ನಿಂದ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಂಡಿಕೆಯ ಮೇಲ್ ಓದಿ ಎದ್ದು ಹೋಗಿ ರೀಲು ಕೈಗೆ ತಗೊಂಡೆ. ಬೇಲ್ ಎತ್ತಿ ದಾರವನ್ನು ಮೆಲ್ಲಗೆ ಎಳೆದೆ. ನಿಜ, ಅದು ಅಲ್ಲಾಡಲಿಲ್ಲ, ದಾರ ಮಾತ್ರ ಮೂತಿ ಸುತ್ತಿಕೊಂಡು ಜಾರಿ ಬಂತು. ಹತ್ತು ವರ್ಷದಿಂದ ಬಳಸುತ್ತಿದ್ದೇನೆ, ಹೀಗೆ ನೋಡಿರಲಿಲ್ಲ. ನಮ್ಮತ್ತೆ ಇಳಕಲ್ ಕಡೆಯವರು. ‘ಕಂಡಿಕೆ’ ಅಂದ ತಕ್ಷಣ ಅವರೇ ರೀಲು ಇಸ್ಕೊಂಡು ತಿರುಗಿಸಿ ನೋಡಿದರು.

ರಾಡು, ರೀಲು ಹಾಗೇ ಇಡುತ್ತೇನೆ. ಅಂಗಡಿಗೆ ಹೋದಾಗ ಮಕ್ಕಳಿಗೆ ಬೇಕಾಗುವ ಪದ ಅದು. ಮೈಸೂರಿನ ಸರ್ ಬೇಸರ ಮಾಡಿಕೊಳ್ಳಬಾರದು, ಶೀರ್ಷಿಕೆಯಲ್ಲೇ ನಿಮ್ಮ ನವಿರುಗಾಳ ಇದೆ. ತಿದ್ದಿದ ಭಾಗ ಹೀಗಿದೆ:

“ನವಿರುಗಾಳಕ್ಕೆ 6.5ರಿಂದ 7 ಅಡಿಯ ರಾಡು ಸಾಕು. ಗಡಸು ಮಧ್ಯಮಕ್ಕಿಂತ ಒಂದು ಮೆಟ್ಟಿಲು ಕಡಿಮೆ ಇರಲಿ, ತುದಿಬಾಗು ಇರಲಿ. ಮೀನು ಮೆಲ್ಲಗೆ ಮುಟ್ಟಿದರೂ ಕೈಗೆ ಗೊತ್ತಾಗಬೇಕು. ರೀಲು 2500ರ ಸೈಜಿನದು. ಕೆಲವು ಕಂಪನಿಗಳು ಇದೇ ಸೈಜಿಗೆ 30 ಅಂತ ಬರೆಯುತ್ತವೆ, ಗಾಬರಿಯಾಗಬೇಡಿ. ದುಡ್ಡು ಕಡಿಮೆ ಇದ್ದರೆ ಬೇರಿಂಗ್ ಎಷ್ಟಿವೆ ಅಂತ ಎಣಿಸುತ್ತಾ ಕೂರಬೇಡಿ. ದಾರ ಎಳೆದು ನೋಡಿ, ಜರ್ಕ್ ಇಲ್ಲದೆ ಬಂದರೆ ಅದು ಒಳ್ಳೆಯ ರೀಲು. ಕಂಡಿಕೆಗೆ ಮೊದಲು ಸ್ವಲ್ಪ ನೈಲಾನ್ ದಾರ ಸುತ್ತಿ, ಅದರ ಮೇಲೆ 10 ಪೌಂಡಿನ (ಅಷ್ಟು ಭಾರ ತಡೆಯುವ) ಹೆಣೆದ ದಾರ ಸುತ್ತಿ. ಬರೀ ಹೆಣೆದ ದಾರ ಸುತ್ತಿದರೆ ಇಡೀ ಸುತ್ತೇ ಜಾರುತ್ತದೆ. ತುದಿಗೆ 6 ಅಥವಾ 8 ಪೌಂಡಿನ ಫ್ಲೋರೋಕಾರ್ಬನ್ ದಾರ ಕಟ್ಟಿ. ಅದು ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಎಸೆದ ಮೇಲೆ ತಂತಿ ಕಮಾನನ್ನು ಕೈಯಿಂದಲೇ ಮುಚ್ಚಿ. ಹಿಡಿ ತಿರುಗಿಸಿ ಮುಚ್ಚಿದರೆ ದಾರ ಹುರಿಗೊಳ್ಳುತ್ತಾ ಹೋಗುತ್ತದೆ.”

ಬೇಲ್‌ಗೆ ತಂತಿ ಕಮಾನು ಅಂದಿದ್ದೇನೆ, ಅತ್ತೆಯ ಸಲಹೆ. ಉಳಿದಿರುವುದು ಡ್ರ್ಯಾಗ್ ಒಂದೇ. ಎಳೆತ ಅಂದರೆ ತಪ್ಪಾಗುತ್ತದೆ, ಎಳೆಯುವುದು ಮೀನು. ಮೀನು ಜೋರಾಗಿ ಜಗ್ಗಿದಾಗ ದಾರ ಹರಿಯುವ ಮೊದಲೇ ಕಂಡಿಕೆ ಬಿಗಿಯಾಗಿ ಜಾರಿ ದಾರ ಬಿಡುತ್ತದೆ. ಆ ಹೊತ್ತಿನಲ್ಲಿ ಮಾತ್ರ ಅದು ತಿರುಗುವುದು. ದಾರದ ಬಲದ ಕಾಲು ಭಾಗಕ್ಕೆ ಡ್ರ್ಯಾಗನ್ನು ಬಿಗಿ ಮಾಡಿಡಬೇಕು. ‘ಜಾರುಬಿಗಿ’ ಅಂತ ಸದ್ಯಕ್ಕೆ ಬರೆದಿದ್ದೇನೆ. ಮಗ್ಗದ ಮನೆಯಲ್ಲಿ ಹಾಸುನೂಲನ್ನು ಬಿಗಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುವುದಕ್ಕೆ ಏನಾದರೂ ಪದ ಇದೆಯಾ, ದೊಡ್ಡಬಳ್ಳಾಪುರದ ಅಣ್ಣ? ಇದ್ದರೆ ನಾಳೆ ರಾತ್ರಿಯೊಳಗೆ ತಿಳಿಸಿ.